ತೀರ್ಥಪ್ಪನ ಊಟದ ಕೈ

ಅಜ್ಜಂಪುರದ ಕೊಬ್ಬರಿ ಮಂಡಿ ತೀರ್ಥಪ್ಪ ಕಲಾವಿದನಾದದ್ದು ಒಂದು ಹೋರಿಯ ದಯೆಯಿಂದ. ಈ ಮಾತನ್ನು ಅವನು ಎಂದೂ ಒಪ್ಪಿಕೊಂಡವನಲ್ಲ. ಆದರೆ ಅವತ್ತು ಅಮೃತಮಹಲ್ ದನ ಮೇಯುವ ಕಾವಲಿನ ಬೇಲಿಯ ಹತ್ತಿರ ನಿಂತು ಕಣ್ಣಾರೆ ಕಂಡವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವನ ಮಂಡಿಯ ಎದುರಿಗೇ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ನಾನೂ ಅವರಲ್ಲೊಬ್ಬ. ಆದ್ದರಿಂದ ಹೇಳುವ ಹಕ್ಕು ನನಗಿದೆ.

ಬೆಂಗಳೂರಿನಿಂದ ಒಬ್ಬ ಕ್ಯಾಮೆರಾದವರು ಬಂದಿದ್ದರು. ಸರ್ಕಾರದ ಹೋರಿಗಳ ಚಲಿಸುವ ಚಿತ್ರ ತೆಗೆದುಕೊಂಡು ಹೋಗುವುದು ಅವರ ಕೆಲಸ. ಅದು ಮುಗಿದ ಮೇಲೆ ಸ್ವಲ್ಪ ರೀಲು ಮಿಕ್ಕಿತು. ಮಿಕ್ಕ ರೀಲಿನಲ್ಲಿ ಒಂದು ಪುಟ್ಟ ನಾಟಕ ತೆಗೆಯಬೇಕೆಂದು ಆ ಮಹಾಶಯರಿಗೆ ಮೊದಲಿನಿಂದಲೂ ಆಸೆ. ಅದಕ್ಕೆಂದೇ ಗುಂಗುರು ಕೂದಲಿನ ಒಬ್ಬ ನಟನನ್ನೂ ಜೊತೆಗೆ ಕರೆತಂದಿದ್ದರು. ನಟ ಒಂದು ಹೋರಿಯ ಬೆನ್ನ ಮೇಲೆ ಕೈಯಿಟ್ಟು, ದೂರದಲ್ಲಿ ಏನೋ ಇದೆ ಎನ್ನುವ ಹಾಗೆ ನೋಡುತ್ತ ನಿಲ್ಲಬೇಕಾಗಿತ್ತು. ಅವನು ನಿಂತ. ಆದರೆ ಹೋರಿಗೆ ಯಾರೂ ಕತೆ ಹೇಳಿರಲಿಲ್ಲ. ಮುಂದಿನ ಕ್ಷಣಕ್ಕೆ ನಟ ಕಳ್ಳಿಬೇಲಿಯ ಆಚೆ ಇದ್ದ. ಸೊಂಟಕ್ಕೆ ಕಟ್ಟು ಹಾಕಿಸಿಕೊಂಡು, ಕಲೆಯನ್ನೂ ಮೈಸೂರು ಸೀಮೆಯ ದನಗಳನ್ನೂ ಒಟ್ಟಿಗೇ ಬಯ್ಯುತ್ತ, ಮುಂದಿನ ರೈಲಿಗೆ ಹೊರಟುಹೋದ.

ಕ್ಯಾಮೆರಾದವರು ತಲೆಯ ಮೇಲೆ ಕೈಹೊತ್ತು ಸುತ್ತಲೂ ನೋಡಿದರು. ನೆರೆದಿದ್ದ ಅಷ್ಟು ಗಂಡಸರಲ್ಲಿ ಕೋಟಿನ ಗುಂಡಿಗಳು ಪೂರ್ತಿ ಇದ್ದವನು ತೀರ್ಥಪ್ಪ ಒಬ್ಬನೇ. "ನೀವು ಬನ್ನಿ" ಅಂದರು.

ನಾಟಕ ಇಷ್ಟೇ: ಪಟ್ಟಣದಿಂದ ಮಗ ಮನೆಗೆ ಬರುತ್ತಾನೆ. ಪೂಜೆ ಮಾಡುತ್ತಾನೆ. ತಾಯಿ ಬಡಿಸುತ್ತಾಳೆ, ಉಣ್ಣುತ್ತಾನೆ. ಶಿವನಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೋಗುತ್ತಾನೆ. ತಾಯಿಯ ಪಾತ್ರಕ್ಕೆ ತೀರ್ಥಪ್ಪನ ತಾಯಿ ಅಂಬಮ್ಮನವರೇ ಒದಗಿದರು. ಅವರಿಗೆ ಅದು ನಾಟಕವೆಂದು ಕೊನೆಯವರೆಗೂ ತಿಳಿಯಲಿಲ್ಲ. ಹಸಿದ ಮಗನಿಗೆ ಬಡಿಸಿದರು, ಅಷ್ಟೇ. ಇಷ್ಟಲಿಂಗ ಮಾತ್ರ ಕ್ಯಾಮೆರಾದ ಕಣ್ಣಿಗೆ ಬೀಳಕೂಡದು ಎಂದು ಅಂಬಮ್ಮನವರು ಹಠ ಹಿಡಿದದ್ದರಿಂದ, ಪೂಜೆಗೆ ಎತ್ತಿದ ಅಂಗೈಗೆ ಒಂದು ವಸ್ತ್ರ ಮುಚ್ಚಿ ಕ್ಯಾಮೆರಾದವರು ತೋರಿಸಿದರು. ಶಿವನಿಯ ಪ್ಲಾಟ್‌ಫಾರಮ್ಮಿನಲ್ಲಿ ತಾಲ್ಲೂಕಿನ ಅಮಲ್ದಾರ್ ಸಾಹೇಬರು ಯಾವುದೋ ಕೆಲಸಕ್ಕೆ ಬಂದವರು, ಕ್ಯಾಮೆರಾ ಕಂಡು ಕೆಲಸ ಮರೆತು, ಜರಿಯ ರುಮಾಲು ಸರಿಮಾಡಿಕೊಂಡು, ಯಾರೂ ಸಲಾಮು ಹೊಡೆಯದಿದ್ದರೂ ತಾವೇ ತಿರುಗಿ ಸಲಾಮು ಹೊಡೆದು ಚಿತ್ರದೊಳಗೆ ಸೇರಿಕೊಂಡರು. ನಾಟಕಕ್ಕೆ ಹೆಸರಿಡುವುದಕ್ಕಾಗಲೀ ನಡುನಡುವೆ ಅಕ್ಷರದಲ್ಲಿ ವಿವರಣೆ ಕೊಡುವುದಕ್ಕಾಗಲೀ ರೀಲು ಮಿಗಲಿಲ್ಲ. ಅದೇ ಮುಂದಿನ ಅನರ್ಥಕ್ಕೆಲ್ಲ ಮೂಲ. ಅಕ್ಷರ ಇದ್ದಿದ್ದರೆ ತೀರ್ಥಪ್ಪ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಏಕೆಂದರೆ ಅಲ್ಲಿಂದ ಮುಂದೆ ತೀರ್ಥಪ್ಪ ಪಂಡಿತನಾದ. ಕ್ಯಾಮೆರಾದವರು ಕೆಲಸದ ನಡುವೆ ಗೊಣಗಿದ ಮಾತುಗಳನ್ನೆಲ್ಲ ಹೆಕ್ಕಿಕೊಂಡಿದ್ದ. ಪಾತ್ರ, ಭಾವ, ತಂತ್ರ ಎಂಬ ಮೂರು ಮಾತಿಲ್ಲದೆ ಅವನು ಕೊಬ್ಬರಿ ತೂಗಿದ್ದನ್ನು ನಾನು ಕಾಣೆ. "ಈ ಕೊಬ್ಬರೀಲಿ ಭಾವ ಇಲ್ಲ ಕಣ್ರೀ" ಎಂದು ಹಿರೇನಲ್ಲೂರಿನ ರೈತನೊಬ್ಬನಿಗೆ ಹೇಳಿ, ಆತ ಮೂಟೆ ಕಟ್ಟಿಕೊಂಡು ಪಕ್ಕದ ಮಂಡಿಗೆ ಹೋದದ್ದೂ ಉಂಟು.

ಈ ನಡುವೆ ಅವನಿಗೆ ತರೀಕೆರೆಯ ವ್ಯಾಪಾರಿ ಬಸವರಾಜಪ್ಪನವರ ಮಗಳು ವಿಶಾಲಾಕ್ಷಿಯನ್ನು ನೋಡಿ ಒಪ್ಪಿಯಾಗಿತ್ತು. ಹೆಣ್ಣು ನೋಡಲು ಹೋದಾಗ ಆ ಹುಡುಗಿ ಫಲಾಹಾರದ ತಟ್ಟೆ ಇಟ್ಟು, ಗಂಟಲಿನವರೆಗೂ ಬಿಗಿದಿದ್ದ ಇವನ ಕೋಟಿನ ಗುಂಡಿಗಳನ್ನು ನೋಡಿ ಒಂದು ಚೂರು ನಕ್ಕಿದ್ದಳು. ತೀರ್ಥಪ್ಪನಿಗೆ ಆ ನಗು ಇನ್ನೊಮ್ಮೆ ಬೇಕಾಗಿತ್ತು. ಬದುಕಿನಲ್ಲಿ ಬೇರೇನೂ ಬೇಡವಾಗಿತ್ತು ಎಂದರೂ ತಪ್ಪಿಲ್ಲ. ಬಸವರಾಜಪ್ಪನವರು ಒಪ್ಪಿದ್ದರು, ಆದರೆ ಆ ಮನೆಯಲ್ಲಿ ಅವರ ಒಪ್ಪಿಗೆಗೆ ಅಂಥ ಬೆಲೆಯೇನಿಲ್ಲ. ಬೆಲೆಯಿದ್ದದ್ದು ಅವರ ತಾಯಿ ಕಲ್ಲಮ್ಮನವರ ಒಪ್ಪಿಗೆಗೆ. ಮಠದ ಅಯ್ಯನವರು ಕೂಡ ಪಾದಪೂಜೆಗೆ ಬಂದಾಗ ಈ ಅಜ್ಜಿ ಎದುರಿಗಿದ್ದರೆ ಮಂತ್ರ ಸ್ವಲ್ಪ ನಿಧಾನಕ್ಕೆ ಹೇಳುತ್ತಿದ್ದರಂತೆ. ಆಕೆಯೂ "ಆಗ್ಲಿ" ಅಂದು, ಬರುವ ಸೋಮವಾರ ವೀಳ್ಯಶಾಸ್ತ್ರ ಎಂದು ನಿಶ್ಚಯವಾಗಿತ್ತು.

ಬಾಯಿ ಮುಚ್ಚಿಕೊಂಡು ಸೋಮವಾರದವರೆಗೆ ಕಾದಿದ್ದರೆ ಆಗುತ್ತಿತ್ತು. ಆದರೆ ಬೆಂಗಳೂರಿನಲ್ಲಿ ಯಾರೂ ಕೊಳ್ಳದ ಆ ನಾಟಕವನ್ನು ಕಡೂರಿನ ಟೆಂಟು ಬಯಾಸ್ಕೋಪಿನ ಹನುಮಂತಪ್ಪ ಸಿಕ್ಕಿದ ಬೆಲೆಗೆ ತಂದುಬಿಟ್ಟಿದ್ದ. ಸುದ್ದಿ ಕೇಳಿದ ತೀರ್ಥಪ್ಪ ಹೆಣ್ಣಿನ ಕಡೆಯವರಿಗೆಲ್ಲ ಗಾಡಿ ಕಳಿಸಿ, ಕಡೂರಿಗೆ ಕರೆಸಿಕೊಂಡ. ವಿಶಾಲಾಕ್ಷಿ ತನ್ನನ್ನು ಎರಡಾಳೆತ್ತರದಲ್ಲಿ ನೋಡಲಿ ಎಂಬುದು ಅವನ ಆಸೆ.

ಹನುಮಂತಪ್ಪನ ಟೆಂಟಿನ ವ್ಯವಸ್ಥೆ ಇಲ್ಲಿ ಹೇಳಬೇಕು. ನಡುವೆ ಎರಡು ಬಿದಿರು ಗಳುವಿಗೆ ಕಟ್ಟಿದ ಒಂದು ದೊಡ್ಡ ಬಿಳಿ ಬಟ್ಟೆ. ಮುಂದುಗಡೆ, ಮೆಷೀನಿನ ಕಡೆ, ಗಂಡಸರು. ಬಟ್ಟೆಯ ಹಿಂದುಗಡೆ ಹೆಂಗಸರು. ಆಟ ಶುರುವಾಗುವ ಮುಂಚೆ ಬಟ್ಟೆಗೆ ಬಿಂದಿಗೆಗಟ್ಟಲೆ ನೀರು ಎರಚುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಚಿತ್ರ ಆಚೆಗೂ ಮೂಡುತ್ತಿತ್ತು. ಆದರೆ ಆಚೆಯಿಂದ ನೋಡುವವರಿಗೆ ಎಲ್ಲವೂ ಎಡಬಲ ಆಗಿ ಕಾಣುತ್ತಿತ್ತು. ಈ ಗುಟ್ಟು ಗೊತ್ತಿದ್ದವನು ಹನುಮಂತಪ್ಪ ಒಬ್ಬನೇ. ಎರಡು ಕಡೆಗೂ ಒಂದೇ ರೇಟು ಇಟ್ಟಿದ್ದರಿಂದ ಅವನು ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಓದುವವರಿಗೆ ನಾನು ಈಗಲೇ ಹೇಳಿಬಿಟ್ಟಿದ್ದೇನೆ. ಕತೆಯ ಜನಕ್ಕೆ ಹೇಳುವವರು ಯಾರೂ ಇರಲಿಲ್ಲ.

ದೀಪ ಆರಿತು. ತೀರ್ಥಪ್ಪ ಬೆತ್ತ ಹಿಡಿದು ಗಂಡಸರ ಕಡೆ ಪರದೆಯ ಮಗ್ಗುಲಿಗೆ ನಿಂತ.

"ಮಹಾಜನಗಳೇ, ಈಗ ಬರ್ತಿರೋನು ನಾಯಕ. ಅಂದ್ರೆ ನಾನು. ಆದ್ರೆ ನಾನಲ್ಲ, ಪಾತ್ರ."

"ಯಾರು ಅಂತ ಸರಿಯಾಗಿ ಹೇಳಯ್ಯ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ನಾನೇ ಕಣ್ರೀ. ಆದ್ರೆ ಇನ್ನೂ ಒಳ್ಳೇನು."

ಪರದೆಯ ಮೇಲೆ ಕುತ್ತಿಗೆಯಿಂದ ಕೆಳಕ್ಕೆ ಒಬ್ಬ ಮನುಷ್ಯ ನಡೆದು ಬಂದ. ಕ್ಯಾಮೆರಾದವರು ಅವಸರದಲ್ಲಿ ತಲೆ ಬಿಟ್ಟಿದ್ದರು.

"ತಲೆ ಎಲ್ಲೋಯ್ತಪ್ಪಾ?"

"ತಲೆ ಇಲ್ಲ. ಯಾಕಿಲ್ಲ? ನಾಯಕನಿಗೆ ಅಹಂಕಾರ ಇಲ್ಲ ಅಂತ. ಇದಕ್ಕೇ ತಂತ್ರ ಅನ್ನೋದು."

ಸಭೆ ತಲೆದೂಗಿತು. ಅಷ್ಟರಲ್ಲಿ ಚಿತ್ರ ಗಡಗಡ ನಡುಗಿತು. ಅಂಬಮ್ಮನವರ ಕರು ಕ್ಯಾಮೆರಾದ ಕಾಲಿಗೆ ಮೈ ಉಜ್ಜಿದ್ದು ಆಗಲೇ.

"ಭೂಕಂಪ ಕಣೋ!" ಎಂದು ಮುಂದಿನ ಸಾಲಿನವರೊಬ್ಬರು ಎದ್ದರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಅದು ನಾಯಕನ ಎದೇಲಿ ಆಗ್ತಿರೋ ತಳಮಳ."

ಮೋಡ ಬಂದು ಅಂಗಳ ಕಪ್ಪಾಯಿತು. "ಕರುಣರಸ" ಅಂದ. ಆಕಾಶದಲ್ಲಿ ಎಮ್ಮೆಯ ಗಾತ್ರದ ಒಂದು ನೊಣ ಹರಿದಾಡಿತು. "ವಿಧಿ" ಅಂದ. ಕಡೂರಿನ ಜನ ಅಷ್ಟು ದೊಡ್ಡ ವಿಧಿಯನ್ನು ಯಾವತ್ತೂ ಕಂಡಿರಲಿಲ್ಲ, ಒಬ್ಬಿಬ್ಬರು ಕೈಮುಗಿದರು.

"ಈಗ ನೋಡಿ, ಪೂಜೆ. ಶಾಸ್ತ್ರ ಹೆಂಗೋ ಹಂಗೇ. ಎಡ ಅಂಗೈ ಎತ್ತಿದ್ದಾನೆ, ಬಲಗೈಲಿ ಪತ್ರೆ ಏರಿಸ್ತಾನೆ. ಈಗ ಊಟ. ಕ್ಯಾಮೆರಾ ಹತ್ರ ಹತ್ರ ಹೋಗುತ್ತೆ. ಇದು ಕ್ಲೋಸಪ್ಪು. ಯಾಕೆ ಹತ್ರ ಹೋಗುತ್ತೆ? ಮನುಷ್ಯನ ಗುಣ ಇರೋದು ಅವನು ಉಣ್ಣೋ ಕೈಯಲ್ಲಿ! ನೋಡಿ ಆ ಬಲಗೈನ!"

ಪರದೆಯ ತುಂಬ ಗಾಡಿಯಷ್ಟು ದೊಡ್ಡ ಕೈಯೊಂದು ಮುದ್ದೆ ಮುರಿಯಿತು. ಗಂಡಸರು ಚಪ್ಪಾಳೆ ತಟ್ಟಿದರು. ಪರದೆಯ ಆಚೆಯಿಂದ ಒಂದು ಚಪ್ಪಾಳೆಯೂ ಕೇಳಿಸಲಿಲ್ಲ. ಮೈಮರೆತು ನೋಡುತ್ತಿದ್ದಾರೆ ಎಂದುಕೊಂಡ ತೀರ್ಥಪ್ಪ.

ಆಚೆ ಕಲ್ಲಮ್ಮನವರೂ ಅಂಬಮ್ಮನವರೂ ಪಕ್ಕಪಕ್ಕದಲ್ಲೇ ಕೂತಿದ್ದರು. ಮಗ ಬಲ ಅಂಗೈ ಎತ್ತಿ ಎಡಗೈಯಲ್ಲಿ ಪತ್ರೆ ಏರಿಸಿದಾಗಲೇ ಕಲ್ಲಮ್ಮನವರು ಕಣ್ಣೊರಸಿಕೊಂಡು ಇನ್ನೊಮ್ಮೆ ನೋಡಿದ್ದರು. ಈಗ ಗಾಡಿಯಷ್ಟು ದೊಡ್ಡ ಎಡಗೈ ಅವರ ಮುಖದ ಮುಂದೆಯೇ ಮುದ್ದೆಗೆ ಇಳಿಯಿತು. ಬಟ್ಟೆಯ ಆಚೆಯಿಂದ "ಬಲಗೈನ ನೋಡಿ" ಎಂಬ ಕೂಗು.

"ಎಡಗೈಲಿ ಉಣ್ಣೋದಲ್ದೆ ಬಲಗೈ ಅಂತ ಸುಳ್ಳು ಬೇರೆ ಹೇಳ್ತಾನಲ್ಲೇ ಇವನು!" ಎಂದು ಕಲ್ಲಮ್ಮನವರು ಎದ್ದು ನಿಂತರು.

ಅಂಬಮ್ಮನವರು ಹಣೆ ಚಚ್ಚಿಕೊಂಡರು. "ಅಯ್ಯೋ ಶಿವನೇ, ನಾನೇ ಬಡಿಸ್ದೆ ಕಣ್ರವ್ವಾ. ಸಾರಿನ ಕಡೆ ನೋಡ್ತಿದ್ದೆ. ಕೈ ಕಡೆ ನೋಡ್ನೇ ಇಲ್ಲ!"

ಹೆತ್ತ ತಾಯಿಯೇ ಹೀಗೆ ಅಂದಮೇಲೆ ಇನ್ನೇನು ಉಳಿಯಿತು? ಟೆಂಟಿನ ಹೊರಗೆ ಕಲ್ಲಮ್ಮನವರು ಮಗನನ್ನು ತರಾಟೆಗೆ ತೆಗೆದುಕೊಂಡರು.

"ನನ್ನ ಮೊಮ್ಮಗಳನ್ನ ಎಡಚನಿಗೆ ಕೊಡ್ತೀಯೇನೋ?"

"ಅವ್ವಾ, ಬಲಗೈ ಕಣವ್ವಾ. ನಾನು ನೋಡ್ಲಿಲ್ವೆ?"

"ನನಗೆ ಕಣ್ಣಿಲ್ವೇನೋ? ಇಷ್ಟಗಲ ಕೈ!"

"ನನಗೂ ಇಷ್ಟಗಲಾನೇ ತೋರ್ಸಿದ್ರು!"

ಗಂಡಸರೆಲ್ಲ ಬಲ ಅಂದರು, ಹೆಂಗಸರೆಲ್ಲ ಎಡ ಅಂದರು. ಕಡೂರಿನಲ್ಲಿ ಮರುದಿನ ಒಂದು ಮನೆಯೂ ನೆಟ್ಟಗಿರಲಿಲ್ಲ. ಗಂಡ ಕುರುಡ ಎಂದು ಹೆಂಡತಿ, ಹೆಂಡತಿಗೆ ಎಡಬಲ ಗೊತ್ತಿಲ್ಲ ಎಂದು ಗಂಡ. ಮಧ್ಯಾಹ್ನ ಹೋಟೆಲಿನಲ್ಲಿ ಕೂರಲು ಜಾಗ ಸಿಗಲಿಲ್ಲವಂತೆ. ಕೋರ್ಟಿನ ವಕೀಲರೊಬ್ಬರು ಕಣ್ಣಾರೆ ಕಂಡ ಸಾಕ್ಷಿಯ ಮೇಲೆ ಇದ್ದ ನಂಬಿಕೆಯೇ ಹೋಯಿತೆಂದು ಹೇಳಿದರು.

ಆ ರಾತ್ರಿ ಟೆಂಟಿನ ಹೊರಗಿನ ಜಗಳದ ನಡುವೆ ಯಾರೋ ತೀರ್ಥಪ್ಪನನ್ನೇ ಎಳೆದು ತಂದು ಅಜ್ಜಿಯ ಮುಂದೆ ನಿಲ್ಲಿಸಿದರು. ಅವನಿಗೆ ವಿಷಯ ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆಯಿಲ್ಲ. ತನ್ನ ಅಭಿನಯದ ಮೇಲೆ ಚರ್ಚೆ ಎದ್ದಿದೆ ಎಂದು ಭಾವಿಸಿ, ಎದೆ ಉಬ್ಬಿಸಿ ಹೇಳಿದ: "ಅಜ್ಜಿ, ನೀವು ನೋಡಿದ್ದೂ ಸರಿ. ಇವ್ರು ನೋಡಿದ್ದೂ ಸರಿ. ಯಾವ ಕಡೆ ಕೂತ್ಕೊಂಡು ನೋಡ್ತೀವಿ ಅನ್ನೋದರ ಮೇಲಿದೆ."

ತೀರ್ಥಪ್ಪ ಜನ್ಮದಲ್ಲಿ ಆಡಿದ ಒಂದೇ ಒಂದು ಸತ್ಯವಾದ ವಿಮರ್ಶೆ ಅದು. ಆದರೆ ಅದು ಸತ್ಯವೆಂದು ಅವನಿಗೂ ಗೊತ್ತಿರಲಿಲ್ಲ.

"ಕೇಳಿದ್ಯೇನೋ? ಒಪ್ಕೊಂಡ್ಬಿಟ್ಟ" ಎಂದು ಕಲ್ಲಮ್ಮನವರು ಗಾಡಿ ಹತ್ತಿದರು.

ಬಸವರಾಜಪ್ಪನವರು ಸಾಧು ಮನುಷ್ಯ. ಬೇಡಿಕೊಂಡು, ತಾಯಿಯಿಂದ ಒಂದು ರಾಜಿ ತಂದರು. ಸೋಮವಾರ ತೀರ್ಥಪ್ಪ ತರೀಕೆರೆಗೆ ಬರಲಿ, ಅಜ್ಜಿಯ ಕಣ್ಣೆದುರಿಗೇ ಊಟ ಮಾಡಲಿ. ಬಲಗೈಯಲ್ಲಿ ಉಂಡರೆ ಆ ಎಲೆ ಎತ್ತಿದ ಮೇಲೆ ವೀಳ್ಯಶಾಸ್ತ್ರ. ಎಡಗೈಯಲ್ಲಿ ಉಂಡರೆ ಸಂಬಂಧ ಅಲ್ಲಿಗೆ ಮುಗಿಯಿತು.

ಇದಕ್ಕಿಂತ ಸುಲಭದ ಪರೀಕ್ಷೆ ಮೈಸೂರು ಸಂಸ್ಥಾನದಲ್ಲಿ ಯಾರಿಗೂ ಬಂದಿರಲಾರದು. ಹುಟ್ಟಿದಾಗಿನಿಂದ ಬಲಗೈಯಲ್ಲಿ ಉಂಡವನು ಇನ್ನೊಂದು ದಿನ ಬಲಗೈಯಲ್ಲಿ ಉಂಡರೆ ಆಯಿತು. ಆದರೆ ತೀರ್ಥಪ್ಪ ಕಲಾವಿದ. ತಾಲೀಮು ಇಲ್ಲದೆ ಕಲಾವಿದ ಉಣ್ಣುತ್ತಾನೆಯೇ?

ಬೀರೂರಿನಿಂದ ತರಿಸಿದ ಆಳುದ್ದದ ಕನ್ನಡಿಯ ಮುಂದೆ ಮಣೆ ಹಾಕಿ, ಎಲೆ ಹಾಸಿ, ಮುದ್ದೆ ಇಟ್ಟುಕೊಂಡು ಕೂತ. ಮುಖದಲ್ಲಿ ವಿನಯದ ಭಾವ ತಂದುಕೊಂಡು ಒಂದು ತುತ್ತು ಮುರಿದು ಕನ್ನಡಿ ನೋಡಿದ. ಎದುರಿಗೆ ಕೂತಿದ್ದ ಮನುಷ್ಯ ಎಡಗೈಯಲ್ಲಿ ಮುದ್ದೆ ಮುರಿದಿದ್ದ!

ತೀರ್ಥಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಎದುರು ಕೂತವರ ಬಲಗೈ ಯಾವ ಕಡೆ ಇರುತ್ತದೆ ಎಂದು ಬೆರಳು ಮಡಿಸಿ ಲೆಕ್ಕ ಹಾಕಿದ. ಸಂಶಯವೇ ಇಲ್ಲ, ಅದು ಎಡಗೈ. "ಅಜ್ಜಿ ಹೇಳಿದ್ದು ನಿಜ! ಇಷ್ಟು ವರ್ಷ ಒಬ್ರೂ ನನಗೆ ಹೇಳ್ಲಿಲ್ವಲ್ಲ!" ಎಂದು ಮರುಗಿದ. ನನ್ನ ಅಂಗಡಿಗೆ ಓಡಿಬಂದು ಕೇಳಬಹುದಾಗಿತ್ತು. ಪಂಡಿತನಾದವನು ಬಟ್ಟೆ ವ್ಯಾಪಾರಿಯನ್ನು ಕೇಳುವುದುಂಟೇ? ತಾನೇ ತಿದ್ದಿಕೊಂಡ. ಕೈ ಬದಲಾಯಿಸಿ, ಕನ್ನಡಿಯ ತೀರ್ಥಪ್ಪ ಬಲಗೈಯಲ್ಲಿ ಉಣ್ಣುವವರೆಗೂ ಬಿಡಲಿಲ್ಲ. ಮೊದಮೊದಲು ಸಾರು ಮೊಣಕೈಗೆ ಇಳಿಯಿತು. ಭಾನುವಾರದ ಹೊತ್ತಿಗೆ ನೋಡಿದವರು ಕೈಮುಗಿಯಬೇಕು, ಅಷ್ಟು ನಯವಾಗಿ ಎಡಗೈಯಲ್ಲಿ ಉಣ್ಣುವುದನ್ನು ಕಲಿತುಬಿಟ್ಟ.

ಸೋಮವಾರ ತರೀಕೆರೆಯ ಆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಂಟರು ಒಳಗೆ, ನೆರೆಯವರು ಕಿಟಕಿಯಲ್ಲಿ. ಗಂಡಿನ ಕಡೆಯಿಂದ ನಾನೂ ಹೋಗಿದ್ದೆ. ಕಲ್ಲಮ್ಮನವರು ಎಲೆಯ ಮುಂದೆಯೇ ಮಣೆ ಹಾಕಿಸಿಕೊಂಡು ಕೂತಿದ್ದರು. ವಿಶಾಲಾಕ್ಷಿ ಅಡುಗೆಮನೆಯ ಬಾಗಿಲಿನ ಹಿಂದೆ ಇದ್ದಳು. ಬಳೆಯ ಸದ್ದು ಕೇಳುತ್ತಿತ್ತು.

ಅನ್ನ, ತೊವ್ವೆ, ತುಪ್ಪ ಬಿತ್ತು. ತೀರ್ಥಪ್ಪ ಕಣ್ಣುಮುಚ್ಚಿ ಕನ್ನಡಿಯನ್ನು ನೆನೆದ. ಕಣ್ಣು ಬಿಟ್ಟು, ಮುಖದಲ್ಲಿ ವಿನಯ ತಂದುಕೊಂಡು, ಎಡಗೈ ಚಾಚಿ, ಅನ್ನ ಕಲಸಿ, ಒಂದು ಅಗುಳೂ ಚೆಲ್ಲದಂತೆ ಬಾಯಿಗಿಟ್ಟ.

ಕಿಟಕಿಯಲ್ಲಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ಕತ್ತು ಚಾಚಿದರು.

"ಬಸವರಾಜಾ," ಎಂದರು ಕಲ್ಲಮ್ಮನವರು ಮೆಲ್ಲಗೆ, "ಇದ್ಯಾವ ಕೈಯಪ್ಪಾ?"

ಬಸವರಾಜಪ್ಪನವರು ಎಲೆಯ ಮೇಲೆ ಬಗ್ಗಿ ನೋಡಿದರು. "ಎಡ... ಎಡಗೈ ಕಣವ್ವಾ."

ತೀರ್ಥಪ್ಪನಿಗೆ ಆ ಮಾತು ಕಿವಿಗೇ ಬೀಳಲಿಲ್ಲ. ಎಲ್ಲರೂ ಕಣ್ಣರಳಿಸಿ ತನ್ನನ್ನೇ ನೋಡುತ್ತಿರುವುದು ಮಾತ್ರ ಕಂಡಿತು. ಎರಡನೆಯ ತುತ್ತನ್ನು ಎಡಗೈಯಲ್ಲೇ ಎತ್ತಿ ಹಿಡಿದು, ಸಂಕೋಚದಿಂದ ನಕ್ಕು ಕೇಳಿದ: "ಭಾವ ಹೆಂಗಿತ್ತು ಅಜ್ಜಿ?"

ಅಂಬಮ್ಮನವರು ಗೋಡೆಗೆ ಒರಗಿದರು. ಕಲ್ಲಮ್ಮನವರು ಎದ್ದು ಒಳಗೆ ಹೋಗಿ, ವೀಳ್ಯದ ತಟ್ಟೆಯನ್ನು ತಂದು, ಎಲ್ಲರೂ ನೋಡುವಂತೆ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಗಾಡಿಯಲ್ಲಿ ಹಿಂತಿರುಗುವಾಗ ತಾನು ಏನು ಮಾಡಿದೆ ಎಂದು ಅಂಬಮ್ಮನವರಿಂದ ತಿಳಿದ ತೀರ್ಥಪ್ಪ ಅಜ್ಜಂಪುರ ಬರುವವರೆಗೆ ಒಂದು ಮಾತೂ ಆಡಲಿಲ್ಲ. ಪಾತ್ರವಿಲ್ಲ, ಭಾವವಿಲ್ಲ, ತಂತ್ರವಿಲ್ಲ. ನನಗೆ ಅವನ ಮೇಲೆ ಮೊದಲ ಸಲ ಕನಿಕರ ಹುಟ್ಟಿತು. ಹುಡುಗ ನಿಜಕ್ಕೂ ಅಳುತ್ತಿದ್ದ.

ಇತ್ತ ಬಸವರಾಜಪ್ಪನವರಿಗೆ ಬೇರೆಯೇ ಚಿಂತೆ. ತಮ್ಮ ಕಣ್ಣೆದುರಿಗೆ ಅಳಿಯನಾಗಬೇಕಾದವನು ಎಡಗೈಯಲ್ಲಿ ಉಂಡ. ಹಾಗಾದರೆ ಕಡೂರಿನಲ್ಲಿ ತಾವು ನೋಡಿದ್ದೇನು? ಊರಿನಲ್ಲಿ ಎಲ್ಲರೂ "ಏನ್ರೀ, ಕಣ್ಣು ಹೆಂಗಿದೆ?" ಎಂದು ಕೇಳುವವರೇ. ಮೂರು ತಲೆಮಾರಿನ ವ್ಯಾಪಾರದ ಮನೆ. ಯಜಮಾನನಿಗೆ ಕಣ್ಣು ಕಾಣುವುದಿಲ್ಲ ಎಂದರೆ ನಾಳೆ ಯಾರಾದರೂ ಸರಕು ತರುತ್ತಾರೆಯೇ? ಹನುಮಂತಪ್ಪನಿಗೆ ಹೇಳಿಕಳಿಸಿ ಟೆಂಟನ್ನು ತರೀಕೆರೆಗೇ ಕರೆಸಿದರು. ಇನ್ನೊಮ್ಮೆ ನೋಡಿಬಿಡೋಣ ಎಂದರು.

"ನೋಡೋಣಂತೆ" ಎಂದರು ಕಲ್ಲಮ್ಮನವರು. "ಆದ್ರೆ ಈ ಸಲ ಮುಂದ್ಗಡೆ ನಾವು ಕೂತ್ಕೊಳ್ಳೋದು. ಗಂಡಸ್ರು ಹಿಂದಕ್ಕೆ ಹೋಗ್ಲಿ."

ಹನುಮಂತಪ್ಪನ ಮುಖ ಬಿಳಿಚಿಕೊಂಡಿತು. "ಅಜ್ಜಿ, ಸಂಪ್ರದಾಯ ಅಂತ ಒಂದಿದೆ..." ಎಂದು ತೊದಲಿದ. ಕಲ್ಲಮ್ಮನವರು ಒಮ್ಮೆ ನೋಡಿದರು, ಅಷ್ಟೇ. ಹನುಮಂತಪ್ಪ ಬಾಯಿ ಮುಚ್ಚಿಕೊಂಡು ಮೆಷೀನಿನ ಹತ್ತಿರ ಹೋದ.

ತೀರ್ಥಪ್ಪನೂ ಬಂದಿದ್ದ. ಬಾಯಿ ಬಿಡಕೂಡದೆಂದು ಆಣೆ ಹಾಕಿಸಿ ಹೆಂಗಸರ ಕಡೆಯ ಗಳುವಿನ ಪಕ್ಕ ನಿಲ್ಲಿಸಿದ್ದರು. ಅಮಲ್ದಾರ್ ಸಾಹೇಬರು ತಮ್ಮನ್ನು ತಾವು ನೋಡಿಕೊಳ್ಳಲು ಕುರ್ಚಿ ತರಿಸಿಕೊಂಡು, ಗಂಡಸರ ಜೊತೆ ಪರದೆಯ ಹಿಂದೆ ಕೂತಿದ್ದರು.

ಪೂಜೆ ಬಂತು. ಊಟ ಬಂತು. ಗಾಡಿಯಷ್ಟು ದೊಡ್ಡ ಕೈ ಬಂತು.

ಪರದೆಯ ಹಿಂದಿನಿಂದ ಗಂಡಸರೆಲ್ಲ ಒಟ್ಟಿಗೆ ಚೀರಿದರು: "ಎಡಗೈ! ಎಡಗೈ!"

ಮುಂದಿನಿಂದ ಹೆಂಗಸರೆಲ್ಲ: "ಬಲಗೈ ಕಣ್ರೀ! ಬಲಗೈ!"

"ಅವ್ವಾ, ನೀನೇ ಸರಿ ಕಣವ್ವಾ, ಎಡಗೈನೇ!" ಎಂದು ಬಸವರಾಜಪ್ಪನವರು ಬಟ್ಟೆಯ ಆಚೆಯಿಂದ ಕೂಗಿ ತಪ್ಪೊಪ್ಪಿಕೊಂಡರು.

"ಇಲ್ವೋ ಮಗಾ, ನೀನೇ ಸರಿ, ಬಲಗೈನೇ!" ಎಂದು ಕಲ್ಲಮ್ಮನವರು ಇತ್ತಲಿಂದ ಕೂಗಿದರು.

ಇಬ್ಬರೂ ಸೋತು ಇಬ್ಬರೂ ಮತ್ತೆ ಜಗಳಕ್ಕೆ ನಿಂತರು. ಎದ್ದ ಗಲಾಟೆಯಲ್ಲಿ ಚಿತ್ರ ಶಿವನಿ ಸ್ಟೇಷನ್ನಿಗೆ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಅಮಲ್ದಾರ್ ಸಾಹೇಬರೊಬ್ಬರಿಗೆ.

"ಯಾರಯ್ಯ ಆ ಗಮಾರ, ಎಡಗೈಲಿ ಸಲಾಮು ಹೊಡೀತಿರೋನು?" ಎಂದು ಗುಡುಗಿದವರು, ಜರಿಯ ರುಮಾಲನ್ನು ಗುರುತಿಸಿ ಕುರ್ಚಿಯಿಂದ ಹಾರಿದರು. "ಅದು ನಾನು! ದಿವಾನರ ಕಣ್ಣಿಗೆ ಬಿದ್ರೆ ನನ್ನ ಗತಿಯೇನು? ನಿಲ್ಲಿಸು! ಮೆಷೀನು ನಿಲ್ಲಿಸು!"

ಸರ್ಕಾರದ ಹುಕುಂ. ಹನುಮಂತಪ್ಪ ನಿಲ್ಲಿಸಿದ. ಚಿತ್ರ ನಿಂತಲ್ಲೇ ನಿಂತಿತು. ಸಲಾಮು ಹೊಡೆಯುತ್ತಿರುವ ಅಮಲ್ದಾರರು, ಅವರ ತಲೆಯ ಮೇಲೆ ಸ್ಟೇಷನ್ನಿನ ಬೋರ್ಡು.

ಆಗ ಇಷ್ಟು ದಿನ ಯಾರೂ ಏನೂ ಕೇಳದಿದ್ದ ವಿಶಾಲಾಕ್ಷಿ ಎದ್ದು ನಿಂತಳು.

"ಅಜ್ಜಿ, ಆ ಬೋರ್ಡು ನೋಡು. ಶಿವನಿ ಅಂತ ನೆಟ್ಟಗಿದೆ. ಅವತ್ತು ಹಿಂದ್ಗಡೆಯಿಂದ ನೋಡ್ದಾಗ ಅಕ್ಷರ ಎಲ್ಲಾ ತಿರುಗು ಮುರುಗಾಗಿತ್ತು. ಅವರು ಎಡಚರಾದ್ರೆ ಬೋರ್ಡೂ ಎಡಚಾನಾ?"

ಕಲ್ಲಮ್ಮನವರಿಗೆ ಅಕ್ಷರ ಬಾರದು, ಆದರೆ ಮೊಮ್ಮಗಳ ಮಾತು ಬರುತ್ತದೆ. ಸೆರಗು ಬಿಗಿದುಕೊಂಡು, ಒದ್ದೆ ಬಟ್ಟೆಯನ್ನು ಎತ್ತಿ, ಅದರ ಕೆಳಗೆ ನುಸುಳಿ ಗಂಡಸರ ಕಡೆ ಹೋದರು. ಅಮಲ್ದಾರರು ಎಡಗೈ. ನುಸುಳಿ ಈಚೆ ಬಂದರು. ಬಲಗೈ. ಮತ್ತೆ ಆಚೆ. ಎಡಗೈ. ನೀರು ತೊಟ್ಟಿಕ್ಕುವ ಸೆರಗಿನ ಅಜ್ಜಿ ನಾಲ್ಕನೆಯ ಸಲ ನುಸುಳುತ್ತಿರುವಾಗ ಅಮಲ್ದಾರರ ಕೈಯ ಮೇಲೆ ಒಂದು ಕಂದು ಚುಕ್ಕೆ ಮೂಡಿತು, ಹಿಗ್ಗಿತು, ಕೈ ಹೋಯಿತು, ರುಮಾಲು ಹೋಯಿತು, ಶಿವನಿ ಹೋಯಿತು. ನಿಂತ ರೀಲು ದೀಪದ ಕಾವಿಗೆ ಸುಟ್ಟುಹೋಗಿತ್ತು. ಹನುಮಂತಪ್ಪ ಮರಳು ಸುರಿದು ಆರಿಸುವಷ್ಟರಲ್ಲಿ ತೀರ್ಥಪ್ಪನ ನಾಟಕ ಬರೀ ಬೂದಿ.

"ಬಟ್ಟೇದೇ ದೋಷ" ಎಂದು ಕಲ್ಲಮ್ಮನವರು ತೀರ್ಪು ಕೊಟ್ಟರು. "ಹಿಂದಿಂದ ನೋಡಿದ್ರೆ ಎಡ ಬಲ ಆಗುತ್ತೆ, ಬಲ ಎಡ ಆಗುತ್ತೆ. ಲೇ ಹನುಮಂತಪ್ಪಾ, ಎಲ್ಲಿಗೆ ಹೊಂಟೆ? ಉಲ್ಟಾ ತೋರ್ಸಿ ಪೂರಾ ಕಾಸು ಇಸ್ಕೊಂಡ್ಯೇನೋ?"

ಹೆಂಗಸರೆಲ್ಲ ಹನುಮಂತಪ್ಪನ ಕಡೆ ತಿರುಗಿದರು. ಆಮೇಲಿನದನ್ನು ನಾನು ವರ್ಣಿಸುವುದಿಲ್ಲ. ಬಸವರಾಜಪ್ಪನವರು ತಮ್ಮ ಕಣ್ಣು ತಮಗೆ ಸಿಕ್ಕಿತೆಂದು ಕುಣಿದಾಡುವಂತಾಗಿ, "ಹಂಗಾದ್ರೆ ಅವ್ವಾ, ಸಂಬಂಧ..." ಎಂದರು.

"ತಾಳು. ಫಿಲಮ್ಮಿಂದು ತೀರಿತು" ಎಂದು ಕಲ್ಲಮ್ಮನವರು ಗಳುವಿನ ಕಡೆ ತಿರುಗಿದರು. "ಏನಪ್ಪಾ ತೀರ್ಥಪ್ಪಾ, ಸೋಮವಾರ ನಮ್ಮನೇಲಿ ಉಂಡ್ಯಲ್ಲ. ಅಲ್ಲಿ ಯಾವ ಬಟ್ಟೆ ಇತ್ತು?"

ಎಲ್ಲರ ಕಣ್ಣೂ ಅವನ ಮೇಲೆ. ತೀರ್ಥಪ್ಪ ಬಾಯಿ ತೆರೆದ. "ಅದು ಒಂದು ತಂ..." ಎಂದು ಶುರುಮಾಡಿದವನು, ವಿಶಾಲಾಕ್ಷಿಯ ಮುಖ ಕಂಡು ನಿಲ್ಲಿಸಿದ. ಇಬ್ಬರೂ ಪರದೆಯ ಒಂದೇ ಕಡೆ ನಿಂತದ್ದು ಅದೇ ಮೊದಲು.

"ಕನ್ನಡಿ ಅಜ್ಜಿ" ಎಂದ, ನೆಲ ನೋಡುತ್ತ.

"ಕನ್ನಡಿ ಏನು?"

"ಕನ್ನಡಿ ಮುಂದೆ ಕೂತ್ಕೊಂಡು ಊಟದ ತಾಲೀಮು ಮಾಡ್ದೆ. ಅದರೊಳಗೆ ನಾನು ಎಡಗೈಲಿ ಉಣ್ತಿದ್ದೆ. ನೀವು ಹೇಳಿದ್ದೇ ನಿಜ ಅನ್ಕೊಂಡು... ತಿದ್ಕೊಂಡೆ. ತುಂಬಾ ಕಷ್ಟಪಟ್ಟು ತಿದ್ಕೊಂಡೆ ಅಜ್ಜಿ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಮೊದಲು ಅರ್ಥವಾದದ್ದು ವಿಶಾಲಾಕ್ಷಿಗೆ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಸಾಲಲಿಲ್ಲ. ಕೂತು ನಕ್ಕಳು, ಎದ್ದು ನಕ್ಕಳು, ಅಂಬಮ್ಮನವರ ಹೆಗಲ ಮೇಲೆ ತಲೆಯಿಟ್ಟು ನಕ್ಕಳು. ಅಂಬಮ್ಮನವರೂ ಅಳುತ್ತಲೇ ನಕ್ಕರು. ಟೆಂಟಿಗೆ ಟೆಂಟೇ ನಕ್ಕಿತು. ಆ ನಗುವನ್ನು ಕೇಳಿ ತೀರ್ಥಪ್ಪನ ಮುಖವೂ ಅರಳಿತು. ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು ಅವನಿಗೆ.

ಕಲ್ಲಮ್ಮನವರು ಮಾತ್ರ ನಗಲಿಲ್ಲ. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬಸವರಾಜಾ, ಹುಡುಗಿನ್ನ ಇವನಿಗೇ ಕೊಡೋಣ. ಇಷ್ಟು ಪೆದ್ದ ಜನ್ಮದಲ್ಲಿ ಹೆಂಡ್ತಿಗೆ ಮೋಸ ಮಾಡೋಕಾಗಲ್ಲ."

ಮದುವೆ ಅದೇ ವರ್ಷ ತರೀಕೆರೆಯಲ್ಲಿ ನಡೆಯಿತು. ಗಂಡು ಹೆಣ್ಣು ಜೊತೆಗೆ ಉಣ್ಣುವ ಭೂಮದ ಊಟಕ್ಕೆ ಕೂತಾಗ ಅಷ್ಟೂ ಪಂಕ್ತಿ ತಮ್ಮ ಎಲೆ ಬಿಟ್ಟು ವರನ ಎಲೆಯನ್ನೇ ನೋಡುತ್ತಿತ್ತು. ತೀರ್ಥಪ್ಪ ಬೆವರಿದ. ಒಂದು ಕೈ ಎತ್ತಿದ, ಇಳಿಸಿದ. ಇನ್ನೊಂದು ಎತ್ತಿದ, ಅದನ್ನೂ ಇಳಿಸಿದ. ಕೊನೆಗೆ ವಿಶಾಲಾಕ್ಷಿಯೇ ಅವನ ಬಲಗೈ ಮಣಿಕಟ್ಟು ಹಿಡಿದು ಎಲೆಯ ಮೇಲಿಟ್ಟು, "ಇದು" ಅಂದಳು.

ಅವತ್ತು ಶಿವಮೊಗ್ಗದಿಂದ ಫೋಟೋದವರೂ ಬಂದಿದ್ದರು. ಆ ಫೋಟೋ ಇವತ್ತಿಗೂ ಅಜ್ಜಂಪುರದ ಮಂಡಿಯಲ್ಲಿ, ತಕ್ಕಡಿಯ ಮೇಲ್ಗಡೆ ತೂಗುಹಾಕಿದೆ. ವಧು ನೇರವಾಗಿ ಕ್ಯಾಮೆರಾ ನೋಡುತ್ತ, ತಡೆಯಲಾರದ ನಗುವನ್ನು ತಡೆಯುತ್ತಿದ್ದಾಳೆ. ವರ ಕೋಟಿನ ಅಷ್ಟೂ ಗುಂಡಿ ಹಾಕಿಕೊಂಡು, ಎರಡು ಕೈಗಳನ್ನೂ ತೊಡೆಯ ಕೆಳಗೆ ಅಡಗಿಸಿಟ್ಟು ಅವುಗಳ ಮೇಲೆ ಭದ್ರವಾಗಿ ಕೂತಿದ್ದಾನೆ.